ವಾಚನಾಲಯದ ಹಿಂದಿನ ನಾಲ್ಕು ಕುಣಿ

ಬೆಟಗೇರಿಯ ಸಾರ್ವಜನಿಕ ವಾಚನಾಲಯಕ್ಕೆ ಶ್ರೀಲಕ್ಷ್ಮೀ ಗ್ರಂಥಪಾಲಕಿಯಾಗಿ ಬಂದು ಹತ್ತೊಂಬತ್ತು ವರ್ಷವಾಗಿತ್ತು. ನಿವೃತ್ತಿಗೆ ಉಳಿದದ್ದು ಹದಿನಾಲ್ಕು ತಿಂಗಳು. ಸರ್ಕಾರಿ ಕಟ್ಟಡ ಒಂದೇ, ಒಕ್ಕಲು ಎರಡು. ಮುಂದಿನ ಹಾಲಿನಲ್ಲಿ ಪುಸ್ತಕ, ಪೇಪರು, ಪೊಲೀಸ್ ಪರೀಕ್ಷೆಗೆ ಓದಲು ಬರುವವರು. ಹಿಂದಿನ ಹಾಲಿನಲ್ಲಿ ನೇಕಾರ ಹೆಣ್ಣುಮಕ್ಕಳ ಸಂಘ, ಬಾಡಿಗೆಗೆ. ಅಲ್ಲಿ ನೆಲದಲ್ಲಿ ತೋಡಿದ ನಾಲ್ಕು ಕುಣಿಗಳಿದ್ದವು, ಒಂದೊಂದರ ಮೇಲೂ ಒಂದು ಕೈಮಗ್ಗ. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೆ ಕೂತು ನೇಯಬೇಕು. ಎರಡೂ ಹಾಲಿಗೆ ತಲಬಾಗಿಲು ಒಂದೇ, ನಳ ಒಂದೇ.

ಛಾವಣಿಯ ಸಿಮೆಂಟು ಕಳಚಿ ಓದುವವರ ಮೇಲೆ ಬೀಳತೊಡಗಿದ ಮೇಲೆ ದುರಸ್ತಿಗೆ ಮಂಜೂರಾತಿ ಬಂತು. ಛಾವಣಿ, ನೆಲ, ಕರೆಂಟಿನ ವೈರು ಎಲ್ಲ ಹೊಸದು, ಮಾರ್ಚ್ ಮುಗಿಯುವುದರೊಳಗೆ. ಆದೇಶದ ಕೊನೆಯಲ್ಲಿ ಒಂದು ಸಾಲಿತ್ತು: ವಾಚನಾಲಯವನ್ನಾಗಲಿ ಬಾಡಿಗೆದಾರರ ಕೆಲಸವನ್ನಾಗಲಿ ನಿಲ್ಲಿಸದೆ ಎಲ್ಲವನ್ನೂ ಹೊಂದಿಸಿಕೊಂಡು ಹೋಗುವುದು ಗ್ರಂಥಪಾಲಕರ ಹೊಣೆ. ಶ್ರೀಲಕ್ಷ್ಮೀ ಅದನ್ನು ಎರಡು ಸಲ ಓದಿ ಡ್ರಾವರಿನಲ್ಲಿಟ್ಟಳು. ಗದಗಿನ ಅವಳ ಮನೆಯಲ್ಲಿ ಎಂಬತ್ತಾರು ವರ್ಷದ ಅತ್ತೆ ಯಮುನಾಬಾಯಿ ಇದ್ದರು. ಅವರಿಗೆ ಮರೆವು. ಸೊಸೆ ಎಲ್ಲಿಗೆ ಹೊರಟಿದ್ದಾಳೆಂದು ಬೆಳಗ್ಗೆ ನಾಲ್ಕು ಸಲ ಕೇಳುತ್ತಿದ್ದರು. ನಾಲ್ಕು ಸಲವೂ ಉತ್ತರ ಹೇಳಿ ಆಟೋ ಹಿಡಿಯುವಷ್ಟರಲ್ಲಿ ಅವಳ ಅರ್ಧ ದಿನದ ತ್ರಾಣ ಹೋಗಿರುತ್ತಿತ್ತು.

ಗುತ್ತಿಗೆ ಸಿಕ್ಕಿದ್ದು ಗೌಸಸಾಬನಿಗೆ. ಕೊರ್ಲಹಳ್ಳಿಯವನು, ಬೆಟಗೇರಿಗೆ ಬಂದು ನೆಲೆಸಿದ್ದ. ಮಾತು ಕಡಿಮೆ, ಕೆಲಸ ಚೊಕ್ಕ. ಡಿಸೆಂಬರಿನಲ್ಲಿ ಮುಂದಿನ ಹಾಲಿನಿಂದ ಶುರು ಮಾಡಿದ. ಕಪಾಟುಗಳಿಗೆ ತಾಡಪತ್ರಿ ಹೊದಿಸಿದರು, ಓದುವವರು ಪಡಸಾಲೆಗೆ ಬಂದರು. ಛಾವಣಿ ಕಡಿಯುವ ಸದ್ದಿಗೆ ಮಧ್ಯಾಹ್ನ ಓದಲಾಗುವುದಿಲ್ಲವೆಂದು ಅವರು ದೂರಿದರು. ಬೆಳಗ್ಗೆ ಕಡಿದರೆ ಧೂಳು ಹಾರಿ ನೂಲಿನ ಮೇಲೆ ಕೂರುತ್ತದೆ, ತಂಪು ಹೊತ್ತಿನಲ್ಲೇ ತಾವು ನೇಯುವುದು ಎಂದು ಮಗ್ಗದವರು ದೂರಿದರು. ಶ್ರೀಲಕ್ಷ್ಮೀ ಒಂದು ವೇಳಾಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದಳು. ನಳದ ನೀರು ಬಂದ ದಿನ ಗೌಸಸಾಬ ಅದನ್ನು ಮೀರಿದ, ಕರೆಂಟು ಹೋಗಿ ದೀಪವಿಲ್ಲದ ದಿನ ಮಗ್ಗದವರು ಮೀರಿದರು. ಮೂರನೆಯ ವಾರಕ್ಕೆ ಅದರ ಕಡೆ ಯಾರೂ ನೋಡುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಅವಳನ್ನು ಯಾರಾದರೂ ಕರೆಯುತ್ತಿದ್ದರು. ಅವಳು ಮೊಳಕಾಲು ಹಿಡಿದುಕೊಂಡು ಏಳುತ್ತಿದ್ದಳು.

ಸಂಘದ ಹಿರಿಯಳು ಹನಮವ್ವ. ಅರವತ್ತು ದಾಟಿದ ಹೆಂಗಸು. ನಾಲ್ಕು ಮಗ್ಗಗಳಲ್ಲಿ ಈಗ ಓಡುತ್ತಿದ್ದದ್ದು ಎರಡೇ, ಒಂದು ಅವಳದು, ಇನ್ನೊಂದು ಲಾಲಬಿಯದು. ಮಧ್ಯಾಹ್ನ ಚಹಾ ಮಾಡಿದಾಗ ಗೋಡೆಯಾಚೆ ಶ್ರೀಲಕ್ಷ್ಮೀಗೂ ಒಂದು ಲೋಟ ಬರುತ್ತಿತ್ತು. ಅಷ್ಟು ವರ್ಷಗಳಲ್ಲಿ ಹನಮವ್ವನಿಗೂ ಅವಳಿಗೂ ನಡುವೆ ಜಗಳವೆಂದು ಆದದ್ದು ನಳದ ಸರದಿಗೆ ಒಂದೆರಡು ಸಲ, ಅದೂ ಸಂಜೆಗೆ ಮರೆತುಹೋಗುವಂಥದ್ದು.

ಜನವರಿ ಕೊನೆಗೆ ಮುಂದಿನ ಹಾಲು ಮುಗಿದು, ಗೌಸಸಾಬ ಟೇಪು ಹಿಡಿದು ಹಿಂದಿನ ಹಾಲಿಗೆ ಹೋದ. ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ನಿಂತಿತು. ಹಾಗೆ ಎರಡೂ ಮಗ್ಗ ಒಟ್ಟಿಗೆ ನಿಲ್ಲುವುದು ಅಪರೂಪ. ಶ್ರೀಲಕ್ಷ್ಮೀ ಎದ್ದು ಹೋದಳು. ಹನಮವ್ವ ಕುಣಿಯೊಳಗೇ ಇದ್ದಳು, ಲಾಳಿ ಕೈಯಲ್ಲಿತ್ತು.

“ಅಕ್ಕಾರ, ಕುಣಿ ನಾಕೂ ಮುಚ್ಚಿ ಟೈಲ್ಸ್ ಹಾಕ್ತಾರಂತ. ಖರೆ ಏನ್ರಿ?”

ಗೌಸಸಾಬ ನಕ್ಷೆ ಬಿಡಿಸಿ ತೋರಿಸಿದ. ಕುಣಿಗಳಿದ್ದ ಕಡೆ ನಾಲ್ಕು ಚೌಕಗಳಿದ್ದವು. ಅವನ್ನು ನೆಲದ ಹಾಳಾದ ಭಾಗವೆಂದು ಗುರುತಿಸಿ, ಮುರಂ ತುಂಬಿ ಮಟ್ಟ ಮಾಡಬೇಕೆಂದು ಬರೆದಿತ್ತು. ಮಗ್ಗ ಎಂಬ ಮಾತು ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ. ತಾನು ಬರೆದಿದ್ದನ್ನು ಮಾಡುವವನು, ಬರೆದವನಲ್ಲ ಎಂದು ಗೌಸಸಾಬ ತಗ್ಗಿದ ದನಿಯಲ್ಲಿ ಹೇಳಿದ.

ಆ ನಕ್ಷೆಯ ಒಂದು ಪ್ರತಿ ಎರಡು ತಿಂಗಳಿಂದ ತನ್ನ ಡ್ರಾವರಿನಲ್ಲೇ ಇದೆ, ತಾನದನ್ನು ಒಮ್ಮೆಯೂ ಬಿಡಿಸಿಲ್ಲ ಎಂಬುದು ಶ್ರೀಲಕ್ಷ್ಮೀಗೆ ನೆನಪಾಯಿತು. ಬಾಯಿಗೆ ಬಂದದ್ದು ಬೇರೆ ಮಾತು.

“ಮ್ಯಾಲಿನವ್ರು ಮಾಡ್ಯಾರ್ರಿ, ಹನಮವ್ವ. ನಾ ಹೋಗಿ ವಿಚಾರಸ್ತೀನಿ.”

ಮರುದಿನ ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಗದಗಿನ ಕಚೇರಿಗೆ ಹೋದಳು. ಇಂಜಿನಿಯರ್ ಮಾರ್ತಾಂಡನ ಟೇಬಲ್ಲಿನ ಮೇಲೆ ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿಯ ಕಡತಗಳು ಎದೆಯೆತ್ತರ ಬೆಳೆದಿದ್ದವು. ಅವನು ಬೆಟಗೇರಿಯ ಕಟ್ಟಡವನ್ನು ನೋಡಿರಲಿಲ್ಲ. ಅಳತೆ ಮಾಡಿಕೊಂಡು ಬಂದವನು ಈಗ ವರ್ಗವಾಗಿ ಹೋಗಿದ್ದ. ಕುಣಿ ಮುಚ್ಚಿದರೆ ಇಬ್ಬರು ಹೆಂಗಸರ ಕೆಲಸ ನಿಲ್ಲುತ್ತದೆ ಎಂದು ಅವಳು ವಿವರಿಸಿದಳು. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಕಡತ ತಿರುವಿ ಒಂದು ಹಾಳೆಯ ಮೇಲೆ ಬೆರಳಿಟ್ಟು ಅವಳ ಕಡೆ ತಿರುಗಿಸಿದ. “ಬಾಡಿಗೆದಾರರೊಂದಿಗೆ ಚರ್ಚಿಸಿ ಅವರ ಒಪ್ಪಿಗೆ ಪಡೆಯಲಾಗಿದೆ.” ಕೆಳಗೆ ಅವಳದೇ ಸಹಿ.

ಆ ದಿನ ಅವಳಿಗೆ ನೆನಪಿತ್ತು. ಯಮುನಾಬಾಯಿ ಬಾಗಿಲು ತೆಗೆದುಕೊಂಡು ಬೀದಿಗೆ ಹೋಗಿದ್ದಾರೆಂದು ಫೋನು ಬಂದಿತ್ತು. ಹೊರಗೆ ಆಟೋ ಕಾಯುತ್ತಿತ್ತು. ಕಚೇರಿಯವನು ಒಂದು ಕಟ್ಟು ಕಾಗದ ಹಿಡಿದು ನಿಂತಿದ್ದ. ಅವಳು ನಿಂತಲ್ಲೇ, ಒಂದರ ಕೆಳಗೊಂದು, ಹನ್ನೊಂದು ಕಡೆ ಸಹಿ ಮಾಡಿದ್ದಳು.

ಮಾರ್ತಾಂಡ ಕೆಟ್ಟ ಮನುಷ್ಯನಲ್ಲ. ಸುಳ್ಳು ಹೇಳಿಕೆಗೆ ಸಹಿ ಮಾಡಿದ್ದೇನೆಂದು ನೀವು ಬರೆದುಕೊಟ್ಟರೆ ನೋಟಿಸು ತಪ್ಪದು, ನಿವೃತ್ತಿಯ ಹೊತ್ತಿಗೆ ಅದು ಯಾಕೆ ಎಂದ. ಮತ್ತೆ ದನಿ ತಗ್ಗಿಸಿದ.

“ಒಂದು ದಾರಿ ಅದರಿ, ಮೇಡಂ. ಆವಾಗ ಬಾಯಿಮಾತಿಲೆ ಒಪ್ಪಿದ್ದೆ, ಈಗ ಬ್ಯಾಡ ಅನಸ್ಯದ ಅಂತ ಆ ಹೆಣ್ಮಗಳ ಕಡಿಂದ ಒಂದು ಸಹಿ ತಗೊಂಡು ಬರ್ರಿ. ನಕ್ಷಾ ಬದಲಿ ಮಾಡೋಣ. ಯಾರಿಗೂ ತ್ರಾಸಿಲ್ಲ.”

ಅವನೇ ಅದನ್ನು ಟೈಪ್ ಮಾಡಿಸಿಕೊಟ್ಟ. ಅವಳು ಬೇಡವೆನ್ನಲಿಲ್ಲ. ಬೇಡವೆನ್ನುವುದಕ್ಕೂ ಶಕ್ತಿ ಬೇಕು. ಕಾಗದ ಮಡಚಿ ಪರ್ಸಿನಲ್ಲಿಟ್ಟುಕೊಂಡು, ಬರುವ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು: ಕುಣಿ ಉಳಿದರೆ ಸಾಕಲ್ಲ, ಹೇಗೆ ಉಳಿದರೇನು.

ಮರುದಿನ ಬೆಳಗ್ಗೆ ಹಿಂದಿನ ಹಾಲಿಗೆ ಹೋಗಿ ಹನಮವ್ವನ ಮಗ್ಗದ ಪಕ್ಕ ನೆಲದ ಮೇಲೆ ಕೂತಳು. ಕುಣಿ ಉಳಿಸುವುದಕ್ಕೆ ಒಂದು ಸಹಿ ಬೇಕಾಗಿದೆ ಎಂದಳು. ಅಷ್ಟೇ ಹೇಳಿದ್ದು. ಹನಮವ್ವ ನಾಲ್ಕನೆಯ ಇಯತ್ತೆ ಓದಿದವಳು, ನಿಧಾನವಾಗಿ ಕೂಡಿಸಿ ಓದಬಲ್ಲಳು. ಆದರೆ ಕಾಗದದ ಕಡೆ ನೋಡಲೇ ಇಲ್ಲ. ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಇಸಿದುಕೊಂಡಳು.

“ಎಲ್ಲಿ ಮಾಡ್ಲಿ, ಅಕ್ಕಾರ? ನೀವು ಓದೀರಿ ಅಂದ್ರ ಆತು.”

ಶ್ರೀಲಕ್ಷ್ಮೀ ಕಾಗದವನ್ನು ಹಿಂದಕ್ಕೆ ಎಳೆದುಕೊಂಡಳು.

“ಸಹಿ ಬ್ಯಾಡ್ರಿ. ಇದರಾಗ ಸುಳ್ಳದ. ನೀವು ಒಪ್ಪೀರಿ ಅಂತ ಡಿಸೆಂಬರದಾಗ ನಾನೇ ಸಹಿ ಮಾಡಿ ಕೊಟ್ಟೀನಿ. ಮ್ಯಾಲಿನವ್ರು ಮಾಡಿದ್ದಲ್ಲ. ಓದಲಾರದ ಮಾಡೀನಿ.”

ಹನಮವ್ವ ಪೆನ್ನನ್ನು ನೆಲದ ಮೇಲಿಟ್ಟಳು. ಲಾಳಿ ಎತ್ತಿಕೊಂಡು ಐದಾರು ಎಳೆ ನೇಯ್ದಳು. ಶ್ರೀಲಕ್ಷ್ಮೀಗೆ ಎದ್ದು ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಆಚೆ ಮಗ್ಗದಲ್ಲಿ ಲಾಲಬಿ ತಲೆ ಎತ್ತದೆ ಕಡಿದ ಎಳೆಯೊಂದನ್ನು ಗಂಟು ಹಾಕುತ್ತಿದ್ದಳು.

“ನೀವು ಕುಂಡ್ರೂದು ಗ್ವಾಡಿ ಆಚೀಕ,” ಎಂದಳು ಹನಮವ್ವ ಕೊನೆಗೆ. “ಹತ್ತ ಹೆಜ್ಜಿ. ಕೇಳಿದ್ರ ಎರಡು ಕುಣಿ ನಾನೇ ಬಿಟ್ಟು ಕೊಡ್ತಿದ್ದೆ. ಗಂಗವ್ವ ಸತ್ತು ಮೂರು ವರ್ಷಾತು, ಅಕಿ ಮಗ್ಗದ ಮ್ಯಾಲೆ ಅರಿವಿ ಒಣಗಿಸ್ತೀವಿ. ಇನ್ನೊಂದರ ಕಟ್ಟಿಗಿ ಗೆದ್ದಲ ತಿಂದದ. ನಾನೇನು ಹಟಮಾರಿ ಅಲ್ಲ. ಕೇಳಲಿಲ್ಲ ನೋಡ್ರಿ, ಅದು ಬ್ಯಾಸರ.”

ಅತ್ತೆಯ ಕತೆ, ಆಟೋದ ಕತೆ ಹೇಳಿಕೊಳ್ಳಬೇಕೆಂದು ಶ್ರೀಲಕ್ಷ್ಮೀಗೆ ಅನ್ನಿಸಿತು. ಹೇಳಲಿಲ್ಲ. ತಪ್ಪಾಯಿತೆಂದಷ್ಟೇ ಅಂದಳು. ಗಂಟು ಹಾಕಿ ಮುಗಿಸಿದ ಲಾಲಬಿ, ಆದದ್ದು ಆಯಿತು, ಈಗ ಮುಂದಿನ ಮಾತು ಹೇಳಿರಿ ಎಂದಳು.

ಗೌಸಸಾಬನನ್ನು ಕರೆಸಿದರು. ನಾಲ್ವರೂ ನಿಂತು ಟೇಪು ಹಿಡಿದರು. ಬಾಗಿಲ ಕಡೆಯ ಎರಡು ಕುಣಿ ಮುಚ್ಚುವುದು, ಆ ಜಾಗ ಓದುವವರಿಗೆ. ಕಿಟಕಿಯ ಕಡೆಯ ಎರಡು ಉಳಿಯುವುದು. ಉಳಿದವಕ್ಕೆ ಒಳಗೆ ಸಿಮೆಂಟಿನ ಗಿಲಾವು, ಸುತ್ತ ನಾಲ್ಕು ಬೆರಳೆತ್ತರದ ಕಟ್ಟೆ, ನೆಲ ಒರೆಸಿದ ನೀರು ಒಳಗೆ ಇಳಿಯದ ಹಾಗೆ. ಮಗ್ಗದ ಮೇಲಿದ್ದ ಹಾಸಿನಲ್ಲಿ ಇನ್ನೂ ಎರಡೆರಡು ಸೀರೆಯ ನೂಲಿತ್ತು. ಅದು ನೇಯ್ದು ಮುಗಿಯುವವರೆಗೆ ಅಲ್ಲಿ ಸುತ್ತಿಗೆ ಬೀಳಬಾರದು ಎಂದಳು ಹನಮವ್ವ. ಎಂಟು ದಿನ ಕೇಳಿದಳು. ಗೌಸಸಾಬ ಗಡ್ಡ ಕೆರೆದುಕೊಂಡು ಒಪ್ಪಿದ. ಇದನ್ನೆಲ್ಲ ಹನಮವ್ವ ತನ್ನ ಕೈಯಿಂದಲೇ, ಅಕ್ಷರ ಕೂಡಿಸಿ ಕೂಡಿಸಿ, ಒಂದು ಹಾಳೆಯ ಮೇಲೆ ಬರೆದಳು. ತನ್ನನ್ನು ಮೊದಲು ಯಾರೂ ಕೇಳಿರಲಿಲ್ಲ ಎಂಬುದನ್ನೂ ಬರೆದಳು. ಶ್ರೀಲಕ್ಷ್ಮೀ ಇನ್ನೊಂದು ಹಾಳೆಯ ಮೇಲೆ, ಕೇಳದೆಯೇ ಕೇಳಿದ್ದೇನೆಂದು ಸಹಿ ಮಾಡಿದ್ದು ನಿಜವೆಂದು ಬರೆದಳು.

ಎರಡನ್ನೂ ಓದಿದ ಮಾರ್ತಾಂಡ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. ಇಷ್ಟು ಬೇಕಾಗಿರಲಿಲ್ಲ ಎಂದ. ಆದರೂ ಆ ವಾರವೇ ಬೆಟಗೇರಿಗೆ ಬಂದ. ಶೂ ಬಿಚ್ಚಿಟ್ಟು ಹಿಂದಿನ ಹಾಲಿಗೆ ಹೋಗಿ ಕುಣಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ತನ್ನ ಅಜ್ಜನ ಊರಲ್ಲಿ ಇಂಥವು ಇದ್ದವು ಎಂದು ಹೇಳಿ, ನಕ್ಷೆ ತಿದ್ದಿ ಮೊಹರು ಹಾಕಿಸಿ ಕಳಿಸಿದ.

ಎಂಟು ದಿನಕ್ಕೆಂದು ಕೆಲಸ ನಿಂತಿತು. ಗೌಸಸಾಬ ತನ್ನ ಆಳುಗಳನ್ನು ಶಿರಹಟ್ಟಿಯ ಕಡೆ ಒಂದು ಕಂಪೌಂಡು ಕಟ್ಟಲು ಕರೆದೊಯ್ದ. ಒಮ್ಮೆ ಹೋದ ಗುತ್ತಿಗೆದಾರ ಹೇಳಿದ ದಿನಕ್ಕೆ ಬಂದದ್ದನ್ನು ಶ್ರೀಲಕ್ಷ್ಮೀ ಕಂಡಿರಲಿಲ್ಲ. ಮಾರ್ಚ್ ತಲೆಯ ಮೇಲೆ ಕೂತಿತ್ತು. ದಿನಾ ಫೋನು ಮಾಡಿದಳು, ದಿನಾ ಅವನು ನಾಳೆ ಎಂದ. ಇತ್ತ ಹನಮವ್ವ ಮತ್ತು ಲಾಲಬಿ ಬೆಳಕು ಹರಿಯುವ ಮೊದಲೇ ಬಂದು ಕೂರುತ್ತಿದ್ದರು. ಶ್ರೀಲಕ್ಷ್ಮೀ ಬಾಗಿಲು ತೆಗೆಯಲು ಅಷ್ಟು ಬೇಗ ಬರಬೇಕಾಗುತ್ತಿತ್ತು. ಕೊನೆಗೆ ಕೀಲಿಯ ಒಂದು ಜೋಡಿ ಮಾಡಿಸಿ ಹನಮವ್ವನಿಗೆ ಕೊಟ್ಟಳು. ಇಷ್ಟು ವರ್ಷ ಆ ಕೆಲಸವನ್ನು ಯಾಕೆ ಮಾಡಲಿಲ್ಲವೆಂದು ಅವಳಿಗೇ ಗೊತ್ತಿರಲಿಲ್ಲ. ಮಧ್ಯಾಹ್ನದ ಚಹಾ ಮಾತ್ರ ಗೋಡೆಯಾಚೆಯಿಂದ ಬರಲಿಲ್ಲ. ಮಾತು ಬೇಕಾದಷ್ಟೇ. ಅದನ್ನು ಅವಳು ಯಾರಲ್ಲೂ ಹೇಳಿಕೊಳ್ಳುವಂತಿರಲಿಲ್ಲ.

ಗೌಸಸಾಬ ಬಂದದ್ದು ಹನ್ನೆರಡನೆಯ ದಿನ. ಅಷ್ಟರಲ್ಲಿ ಹಾಸು ಮುಗಿದು ಸೀರೆಗಳು ಇಳಿದಿದ್ದವು. ಗೆದ್ದಲು ತಿಂದ ಮಗ್ಗವನ್ನು ಹೊರಗೆ ಸಾಗಿಸಿದ ಆಳುಗಳು ಗಂಗವ್ವನ ಮಗ್ಗವನ್ನು ಬಿಚ್ಚಲು ಮುಂದಾದಾಗ ಹನಮವ್ವ ತಡೆದಳು. ಒಂದೊಂದು ಕಟ್ಟಿಗೆಯನ್ನೂ ತಾನೇ ಬಿಚ್ಚಿ, ಧೂಳು ಒರೆಸಿ, ಹಳೆಯ ಸೀರೆಯ ತುಂಡಿನಿಂದ ಕಟ್ಟಿ ಆಟೋಕ್ಕೆ ಹೇರಿಸಿದಳು. ಗಂಗವ್ವನ ಮಗಳ ಮನೆಗೆ ಕಳಿಸಿದಳು, ಅವರು ಅದನ್ನು ಒಲೆಗೆ ಹಾಕಿದರೂ ಹಾಕಲಿ ಎಂದಳು. ಕುಣಿಗೆ ಮುರಂ ಸುರಿಯುವಾಗ ಅವಳು ಅಲ್ಲಿ ನಿಲ್ಲಲಿಲ್ಲ. ಆ ಎರಡು ದಿನ ಮನೆಯಲ್ಲೇ ಇದ್ದಳು.

ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಕೆಲಸ ಮುಗಿಯಿತು. ಅದಕ್ಕೂ ಮೊದಲೇ ಶ್ರೀಲಕ್ಷ್ಮೀಗೆ ನೋಟಿಸು ಬಂದಿತ್ತು. ಉತ್ತರ ಬರೆದಳು, ತಪ್ಪು ತನ್ನದೆಂದೇ ಬರೆದಳು. ಎಚ್ಚರಿಕೆ ಕೊಟ್ಟು ಮುಗಿಸಿದರು. ಮೂವತ್ತು ವರ್ಷದ ಸೇವಾ ಪುಸ್ತಕದಲ್ಲಿ ಒಂದು ಕೆಂಪು ಶಾಯಿಯ ಸಾಲು ಉಳಿಯಿತು. ಅದರಿಂದ ಬಹಳ ನೋವಾಗುತ್ತದೆ ಎಂದುಕೊಂಡಿದ್ದಳು. ಅಷ್ಟೇನೂ ಆಗಲಿಲ್ಲ. ನೋಯುವುದಕ್ಕೂ ಪುರಸೊತ್ತು ಇರಲಿಲ್ಲ.

ಏಪ್ರಿಲಿನಲ್ಲಿ ಮಗ್ಗಗಳು ಮತ್ತೆ ಶುರುವಾದವು. ಹೊಸ ಜಾಗದಲ್ಲಿ ಕೂತ ಓದುವವರಿಗೂ ಮಗ್ಗಗಳಿಗೂ ನಡುವೆ ಈಗ ಕಪಾಟಿನ ಒಂದು ಸಾಲು ಮಾತ್ರ. ಮೊದಲ ದಿನವೇ ಇಬ್ಬರು ಎದ್ದು ಬಂದು ಸದ್ದಿನ ದೂರು ಹೇಳಿದರು. ಅದು ಅವರ ಜಾಗ, ಅವರು ಬಿಟ್ಟುಕೊಟ್ಟದ್ದರಲ್ಲಿ ನೀವು ಕೂತಿದ್ದೀರಿ, ಆಗದಿದ್ದರೆ ಮುಂದಿನ ಹಾಲಿಗೆ ಬನ್ನಿ ಎಂದು ಶ್ರೀಲಕ್ಷ್ಮೀ ಹೇಳಿದಳು. ಒಬ್ಬ ಬಂದ. ಇನ್ನೊಬ್ಬಳು ಅಲ್ಲೇ ಉಳಿದಳು, ವಾರ ಕಳೆದ ಮೇಲೆ ಸದ್ದು ಕೇಳಿಸುವುದಿಲ್ಲ ಎಂದಳು.

ಒಂದು ಸಂಜೆ ಕಿಟಕಿ ಮುಚ್ಚಲು ಹಿಂದೆ ಹೋದಾಗ ಹನಮವ್ವ ಇನ್ನೂ ಕುಣಿಯಲ್ಲಿದ್ದಳು. ಲಾಲಬಿ ಹೋಗಿಯಾಗಿತ್ತು. ಶ್ರೀಲಕ್ಷ್ಮೀ ಹೊಸ ಕಟ್ಟೆಯ ಮೇಲೆ ಮೆಲ್ಲಗೆ ಕೂತಳು.

“ನೀವು ಹೋದಮ್ಯಾಲೆ ಯಾರ ಬರ್ತಾರ್ರಿ?” ಹನಮವ್ವ ಕೇಳಿದಳು.

ಗೊತ್ತಿಲ್ಲ, ಯಾರನ್ನಾದರೂ ಹಾಕುತ್ತಾರೆ ಎಂದಳು ಶ್ರೀಲಕ್ಷ್ಮೀ.

“ಯಾರ ಬಂದ್ರೂ ಮದ್ಲ ಇಲ್ಲಿ ಕರಕೊಂಡು ಬರ್ರಿ. ಕುಣಿ ತೋರಿಸ್ರಿ, ನನ್ನೂ ತೋರಿಸ್ರಿ. ಆಮ್ಯಾಲೆ ಕೀಲಿ ಕೊಡ್ರಿ.”

ಹಾಗೇ ಮಾಡುತ್ತೇನೆ ಎಂದು ಶ್ರೀಲಕ್ಷ್ಮೀ ಒಪ್ಪಿಕೊಂಡಳು. ಹನಮವ್ವ ಕುಣಿಯಿಂದ ಮೇಲೆ ಬರಲು ಕೈ ಚಾಚಿದಳು. ಶ್ರೀಲಕ್ಷ್ಮೀ ಹಿಡಿದು ಎಳೆದಳು. ಇಬ್ಬರ ಮೊಳಕಾಲೂ ನೋಯುತ್ತಿದ್ದವು, ಏಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.