ಕೊಳವೆಗೆ ಬಿದ್ದ ಬಿಸಿಲು

ಒಂದು ಕಡೆ ಸುಮ್ಮನೆ ಕೂರುವುದೆಂದರೆ ಮಗಳಿಗೆ ಮೈಮೇಲೆ ಇರುವೆ ಹರಿದಂತೆ. ಊಟಕ್ಕೆ ಕೂತರೂ ನಡುವೆ ಎದ್ದು ಕಿಟಕಿ ನೋಡಿ ಬರುವವಳು. ಅಂಥವಳು ಹೋಗಿ ಹೋಗಿ ಅಪ್ಪನ ಕಸುಬಿಗೇ ಬಂದು ಬಿದ್ದಳಲ್ಲ, ಅದಕ್ಕೇನೆನ್ನೋಣ! ಅಪ್ಪನ ಕಸುಬೆಂದರೆ ಕೂರುವುದೇ. ನೆಲಕ್ಕೆ ಒಂದರೊಳಗೊಂದು ಎರಡು ಕಬ್ಬಿಣದ ಬಳೆ ಬಡಿದು, ನೀರು ತುಂಬಿ, ಒಳಬಳೆಯ ನೀರು ಎಷ್ಟು ಹೊತ್ತಿಗೆ ಎಷ್ಟು ಇಂಗಿತೆಂದು ಅಳತೆಪಟ್ಟಿ ನೋಡುತ್ತ ಬಯಲಲ್ಲಿ ದಿನವಿಡೀ ಕೂರಬೇಕು. ಊರಿನ ಮಳೆನೀರನ್ನು ಯಾವ ಬಯಲಿಗೆ ತಿರುಗಿಸಿದರೆ ಚೆನ್ನಾಗಿ ಇಂಗೀತೆಂದು ಇಲಾಖೆಗೆ ಹೇಳಬೇಕಾದವರು ಈ ಅಪ್ಪ ಮಗಳೇ.

ಹೋದ ಚಳಿಗಾಲದಲ್ಲಿ ಅಪ್ಪ ಎದೆ ಹಿಡಿದುಕೊಂಡು ಕುಸಿದರು. ಇನ್ನು ಬಿಸಿಲಿನ ಸಹವಾಸ ಬೇಡವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅಪ್ಪ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು.

"ನಾನು ಕೂರ್ತೀನಪ್ಪ, ನೀವು ಮನೇಲಿರಿ" ಎಂದಳು ಮಗಳು.

"ನೀನಾ? ನೀರು ಬೆರಳಷ್ಟು ಇಳಿಯೋದ್ರಲ್ಲಿ ನೀನು ಬಯಲು ಪೂರ್ತಿ ಸುತ್ತಿ ಬಂದಿರ್ತೀಯ. ಅಳತೆ ಯಾರು ನೋಡ್ತಾರೆ, ಗುಬ್ಬಚ್ಚಿನಾ?"

ಮಾತೇನೂ ಸುಳ್ಳಲ್ಲ. ಒಮ್ಮೆ ಕೂತು ನೋಡಿದ್ದಳು, ಅರ್ಧ ಅಳತೆ ಕೈತಪ್ಪಿತ್ತು. ಅದಕ್ಕೇ ಹಟ ಹಿಡಿದು, ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಯಂತ್ರ ಮಾಡಿದಳು. ಉದ್ದನೆಯ ಪ್ಲಾಸ್ಟಿಕ್ ಕೊಳವೆ, ಮೇಲೆ ಬಿಗಿ ಮುಚ್ಚಳ. ಬಳೆಯಲ್ಲಿ ನೀರು ಇಂಗಿದಷ್ಟೂ ಕೊಳವೆ ತಾನೇ ತುಂಬಿಕೊಡುತ್ತದೆ, ಕೊಳವೆಯ ನೀರು ಎಷ್ಟು ಇಳಿಯಿತೆಂದು ಸೆನ್ಸರ್ ಅವಳ ಮೊಬೈಲಿಗೆ ಗೆರೆ ಎಳೆದು ಕಳಿಸುತ್ತದೆ. ಇಲಾಖೆಯ ಇಂಜಿನಿಯರ್ ಮೇಡಂ ಹೇಳಿದ್ದು ಒಂದೇ ಮಾತು: ಯಂತ್ರದ ಗೆರೆಯೂ ಕೈಯಳತೆಯ ಗೆರೆಯೂ ತಾಳೆಯಾಗಲಿ, ಆಮೇಲೆ ಯಾರೂ ಬಯಲಲ್ಲಿ ಕೂರುವುದು ಬೇಡ.

ಆ ತಾಳೆಗೆಂದು ಅಪ್ಪ ಯಂತ್ರದ ಪಕ್ಕ ಇನ್ನೊಂದು ಜೊತೆ ಬಳೆ ಬಡಿದು ಕೂತರು. ಇದೇ ಕೊನೆಯ ವಾರವೆಂದು ಮಗಳು ಹಲ್ಲು ಕಚ್ಚಿ ಒಪ್ಪಿ, ಅವರ ಕೈಗೊಂದು ಕೊಡೆ ಕೊಟ್ಟಳು. ಗೆರೆಗಳು ಅಕ್ಕತಂಗಿಯರಂತೆ ಜೊತೆಜೊತೆಗೇ ಇಳಿದವು. ಗೆದ್ದೆ ಎಂದುಕೊಂಡಳು.

ಫಲಿತಾಂಶ ಒಪ್ಪಿಸುವ ದಿನ ಅಮ್ಮ ಅಪ್ಪನನ್ನು ತಪಾಸಣೆಗೆ ಕರೆದೊಯ್ದಳು. ಬಯಲಲ್ಲಿ ಯಂತ್ರ ಒಂದೇ ಉಳಿಯಿತು. ಮಗಳು ಆಫೀಸಿನಲ್ಲಿ ಕಾಗದ ಜೋಡಿಸುತ್ತ ಸುಮ್ಮನೆ ಮೊಬೈಲ್ ನೋಡಿದಳು. ಹೊತ್ತು ನೆತ್ತಿಗೇರುತ್ತಿದ್ದಂತೆ ಗೆರೆ ದಬಕ್ಕನೆ ಕೆಳಗೆ ಬಿದ್ದಿತ್ತು. ಎಂದೂ ಇಷ್ಟು ಕುಡಿಯದ ಮಣ್ಣು ಇದ್ದಕ್ಕಿದ್ದಂತೆ ಎರಡು ಪಟ್ಟು ನೀರು ಕುಡಿಯುತ್ತಿದೆಯಂತೆ! ಸ್ಕೂಟರ್ ಹತ್ತಿ ಓಡಿದಳು.

ಬಯಲಲ್ಲಿ ಎಲ್ಲವೂ ನೆಟ್ಟಗಿತ್ತು. ಬಿರುಕಿಲ್ಲ, ಸೋರಿಕೆಯಿಲ್ಲ. ಒಳಬಳೆ ಮಾತ್ರ ತುಂಬಿ ಅಂಚಿಗೆ ಬಂದಿತ್ತು. ಕೊಳವೆ ಮುಟ್ಟಿದರೆ ಕೈ ಚುರ್ರೆಂದಿತು. ಮುಚ್ಚಳದಡಿ ಸಿಕ್ಕಿಕೊಂಡ ಗಾಳಿ ಕಾದು ಉಬ್ಬಿ ನೀರನ್ನು ಹೊರಕ್ಕೆ ತಳ್ಳುತ್ತಿತ್ತು. ಮಣ್ಣು ಕುಡಿಯದ ನೀರನ್ನೂ ಯಂತ್ರ ಮಣ್ಣಿನ ಲೆಕ್ಕಕ್ಕೆ ಬರೆಯುತ್ತಿತ್ತು. ಹಾಗಾದರೆ ವಾರವಿಡೀ ಯಾಕೆ ಸರಿಯಾಗಿತ್ತು? ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪ, ದಿನಾ ನೀವು ಎಲ್ಲಿ ಕೂರ್ತಿದ್ರಿ?"

"ನಿನ್ನ ಮಿಷಿನ್ ಪಕ್ಕದಲ್ಲೇ."

"ನಾನು ಕೊಟ್ಟ ಕೊಡೆ ಹಿಡ್ಕೊಂಡಿದ್ರಾ?"

"ಹಿಡ್ಕೊಂಡಿದ್ದೆ ಕಣೇ, ನಿನ್ನ ಮಿಷಿನ್ನಿಗೆ. ಎಷ್ಟು ಕಷ್ಟಪಟ್ಟು ಮಾಡಿದ್ದೀಯ, ಕಾದು ಕೆಟ್ಟುಹೋದ್ರೆ? ನನಗೇನಾಗುತ್ತೆ, ಟೋಪಿ ಇತ್ತಲ್ಲ."

ಅಪ್ಪನನ್ನು ಬಿಸಿಲಿನಿಂದ ಎಬ್ಬಿಸಲು ಮಾಡಿದ ಯಂತ್ರಕ್ಕೆ ಅಪ್ಪ ಬಿಸಿಲಲ್ಲಿ ಕೂತು ನೆರಳು ಹಿಡಿದಿದ್ದರು. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

ಇಂದಿನ ಗೆರೆಯನ್ನು ಯಾರೂ ಕೇಳಿರಲಿಲ್ಲ. ಅಳಿಸಿ ವಾರದ ಗೆರೆಗಳನ್ನಷ್ಟೇ ಒಪ್ಪಿಸಿದರೆ ಮುಗಿಯಿತು, ಅಪ್ಪ ಮನೆಯಲ್ಲಿ ಉಳಿಯುತ್ತಾರೆ. ಕೊಳವೆಗೆ ಆಮೇಲೆ ಗುಟ್ಟಾಗಿ ಏನಾದರೂ ಹೊದಿಸಿದರಾಯಿತು. ಆದರೆ ಹೊದಿಸಿದ ಮೇಲೂ ಅದು ನಿಜ ಹೇಳುತ್ತದೆಂದು ಯಾರು ಕಂಡವರು? ಅದು ಗಟ್ಟಿನೆಲವನ್ನು ಒಳ್ಳೆಯ ನೆಲವೆಂದು ಹೇಳಿ, ಊರ ನೀರನ್ನೆಲ್ಲ ಅಲ್ಲಿಗೆ ತಿರುಗಿಸಿದರೆ, ತಗ್ಗಿನ ಮನೆಗಳ ಹೊಸ್ತಿಲು ದಾಟಿ ನೀರು ನುಗ್ಗುತ್ತದೆ. ಇಲಾಖೆಗೆ ಬಂದವಳು ಇಂಜಿನಿಯರ್ ಮೇಡಂ ಕೋಣೆಯ ಮುಂದಿನ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಿ ತಿರುಗಿ ಜವಾನನ ತಲೆ ಚಿಟ್ಟು ಹಿಡಿಸಿದಳು. "ಅಮ್ಮಾ ತಾಯಿ, ಒಳಗಾದ್ರೂ ಹೋಗು, ಹೊರಗಾದ್ರೂ ಹೋಗು" ಎಂದು ಅವನು ಕೈಮುಗಿದ. ಒಳಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು.

ಮೇಡಂ ಬೈಯಲಿಲ್ಲ. "ಕೊಳವೆಗೆ ನೆರಳು ಕಟ್ಟಿ. ಮತ್ತೆ ಕೈಯಳತೆ ಜೊತೆ ತಾಳೆ ತೋರಿಸಿ. ಈ ಬೇಸಿಗೆ ಪೂರ್ತಿ ನೋಡಬೇಕಾಗುತ್ತೆ" ಎಂದರು.

ಮನೆಯಲ್ಲಿ ಸುದ್ದಿ ಕೇಳಿ ಅಪ್ಪನ ಮುಖ ಅರಳಿತು. "ಅಷ್ಟೇ ತಾನೇ? ಬೆಳಗ್ಗೆಯಿಂದ ನಾನೇ ಕೂರ್ತೀನಿ ಬಿಡು."

"ನೀವು ಕೂರಲ್ಲ."

"ಮತ್ತೆ ನೀನು ಕೂರ್ತೀಯಾ?" ಅಪ್ಪ ನಕ್ಕರು.

"ನಗಬೇಡಿ! ಅಲ್ಲಿ ಬಿದ್ದು ಸತ್ತುಹೋದ್ರೆ ಆ ಹಾಳು ಮಿಷಿನ್ ಇಟ್ಕೊಂಡು ನಾನೇನು ಮಾಡ್ಲಿ? ನನಗೆ ನೀವು ಬೇಕು, ಅಷ್ಟೇ." ಅವಳ ದನಿ ಒಡೆಯಿತು. ಅಪ್ಪ ತಮ್ಮ ಟೋಪಿ ತಂದು ಅವಳ ಕೈಗಿಟ್ಟರು.

ಮರುದಿನ ಅವಳು ಬಳೆಯ ಪಕ್ಕ ಕೂತಳು. ಕಾಲು ಜೋಮು ಹಿಡಿಯಿತು. ಬೆನ್ನು ಉರಿಯಿತು. ಹತ್ತು ಸಲ ಏಳಬೇಕೆನಿಸಿತು, ನೀರೋ ಹಂದಾಡಲೊಲ್ಲದು. ಸುಮ್ಮನೆ ಕೂರುವುದು ಇಷ್ಟು ಕಷ್ಟದ ಕೆಲಸವೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಆದರೂ ಒಂದು ಅಳತೆಯನ್ನೂ ಬಿಡಲಿಲ್ಲ.

ಮಧ್ಯಾಹ್ನ ಅಪ್ಪನ ಫೋನ್ ಬಂತು. "ಕೂತಿದ್ದೀಯಾ?"

"ಕೂತಿದ್ದೀನಿ."

ಅಪ್ಪ ಮೆಲ್ಲಗೆ ಕೇಳಿದರು, "ಬಿಸಿಲು ಬಹಳ ಇದೆಯಾ, ಮಗಳೇ? ನಾನು ಬರ್ಲಾ?"

ಇಲಾಖೆಗೆ ಸುಳ್ಳು ಹೇಳಲಾರದೆ ಒದ್ದಾಡಿದ ಹುಡುಗಿ ಕಣ್ಣಿಗಿಳಿದ ಬೆವರು ಒರೆಸಿಕೊಂಡಳು.

"ಎಲ್ಲಿಯ ಬಿಸಿಲಪ್ಪ, ಮೋಡ ಕವಿದಿದೆ. ನೀವು ಊಟ ಮಾಡಿ ಮಲಗಿ" ಎಂದಳು.