ನಾಲ್ಕನೇ ತಟ್ಟೆ

“ಕೈ ತೊಳ್ಕೊಳೇ ಲೌಡಿ! ಹಂಗೇ ಹೋಗಿ ಊಟದ ಮೇಜಿನ ಹತ್ರ ನಿಂತ್ರೆ ಬಂದೋರು ಕಕ್ಕೋಬೇಕಾ?”

ಮೇಸ್ತ್ರಿ ನಲ್ಲಿ ತಿರುಗಿಸಿದ. ಅವಳು ತಿಕ್ಕತೊಡಗಿದ್ದೇ ತಡ, ಮತ್ತೆ ಗದರಿದ. “ಸಾಕು ಸಾಕು, ಪೂರ್ತಿ ಬಿಳಿ ಮಾಡ್ಬೇಡ. ದುಡಿದ ಕೈ ಥರಾನೇ ಕಾಣ್ಬೇಕಂತೆ ಧಣಿಗೆ.”

ದ್ರಾಕ್ಷಿ ತೋಟದಲ್ಲಿ ಅವಳ ಹೆಸರೇ ಕತ್ತರಿ. ಗೊಂಚಲು ಕೊಯ್ಯುವ ಕತ್ತರಿ ಕೈಯಲ್ಲೊಂದು, ಬಾಯಲ್ಲಿ ಇನ್ನೊಂದು ಎಂದು ಜೊತೆಯ ಹೆಂಗಸರು ನಗುತ್ತಿದ್ದರು. ಇವತ್ತು ಮಾತ್ರ ಬಾಯಿಗೆ ತುಕ್ಕು ಹಿಡಿದಿತ್ತು. ಅವಳ ತಂಗಿ ತಗಡಿನ ಶೆಡ್ಡಿನಲ್ಲಿ, ಖಾಲಿ ಕ್ರೇಟುಗಳ ನಡುವೆ ಬಿದ್ದಿದ್ದಳು. ತೋಟದ ಒಂದು ಸಾಲಿಗೆ ನಿನ್ನೆ ಸಂಜೆಯಷ್ಟೇ ಹುಳದ ಔಷಧಿ ಹೊಡೆದಿದ್ದರು, ಅಲ್ಲಿ ಯಾರೂ ಕಾಲಿಡುವ ಹಾಗಿರಲಿಲ್ಲ. ಅತಿಥಿಗಳ ಮೇಜಿನ ಅಲಂಕಾರಕ್ಕೆ ತಾಜಾ ಗೊಂಚಲು ಬೇಕೆಂದು ಬೆಳಿಗ್ಗೆ ಮೇಸ್ತ್ರಿ ತಂಗಿಯನ್ನು ಅಲ್ಲಿಗೇ ಅಟ್ಟಿದ್ದ. ಹೊತ್ತೇರುವಷ್ಟರಲ್ಲಿ ವಾಂತಿ ಶುರುವಾಯಿತು. ಬಾಯಿಂದ ಜೊಲ್ಲು, ಕಣ್ಣು ಮಂಜು, ಅಕ್ಕನ ಗುರುತೂ ಸಿಗಲಿಲ್ಲ. ವಿಷಕ್ಕೆ ಔಷಧಿ ಅಂತ ಹೆಸರಿಟ್ಟ ಪುಣ್ಯಾತ್ಮ ಅದ್ಯಾವನೋ!

“ಅಣ್ಣಾ, ನಿನ್ ಕಾಲಿಗ್ ಬೀಳ್ತೀನಿ, ಗಾಡಿ ಕೊಡ್ಸು. ಆಸ್ಪತ್ರೆಗೆ ಹಾಕ್ಕೊಂಡ್ ಹೋಗ್ತೀವಿ.”

“ಗಾಡಿ ಇರೋದು ಬಂದೋರಿಗೆ ತೋಟ ಸುತ್ತಿಸೋಕೆ. ನಿನ್ ತಂಗೀನ ಮೆರವಣಿಗೆ ಮಾಡೋಕಲ್ಲ. ಮೊದಲು ನಗ್ತಾ ನಿಂತ್ಕೊ ನಡಿ. ಧಣಿ ಖುಷಿಯಾಗಿದ್ರೆ ನೀನೇ ಕೇಳ್ಕೊ.”

ಆ ಒಂದು ಆಸೆಗೆ ಅವಳು ಅವನ ಹಿಂದೆ ನಡೆದಳು.

ಬಳ್ಳಿ ಚಪ್ಪರದ ನೆರಳಲ್ಲಿ ಉದ್ದನೆಯ ಮೇಜು, ಅದರ ಮೇಲೆ ಬಿಳಿ ಬಟ್ಟೆ. ತಟ್ಟೆಯೋ ಮೊರದಗಲ, ಅದರೊಳಗಿನ ತಿನಿಸು ಉಗುರಗಲ. ಒಂದರ ಹಿಂದೊಂದರಂತೆ ಏಳು ತಟ್ಟೆ, ಒಂದೊಂದಕ್ಕೂ ಒಂದೊಂದು ಬಣ್ಣದ ವೈನು. ಬಂದವರು ರುಚಿ ನೋಡಲೆಂದು ಗ್ಲಾಸು ಕುಲುಕಿ, ಮೂಸಿ, ಬಾಯಿ ಮುಕ್ಕಳಿಸಿ ಬೆಳ್ಳಿ ಪಾತ್ರೆಯೊಳಗೆ ಉಗಿಯುತ್ತಿದ್ದರು. ಇವರ ಉಗುಳಿಗೆ ಬೆಳ್ಳಿ. ಅಲ್ಲಿ ತಂಗಿಯ ಬಾಯಿ ಒರೆಸಲು ಹರಕು ಗೋಣಿಯೂ ಸಾಲದೆ ಹೆಂಗಸರು ಸೆರಗು ಹರಿಯುತ್ತಿದ್ದರು.

ಧಣಿ ಅವಳ ಮಣಿಕಟ್ಟು ಹಿಡಿದು, ಸಂತೆಯಲ್ಲಿ ಕೋಳಿ ಎತ್ತಿ ತೋರಿಸುವಂತೆ ಎತ್ತಿದ. “ನೋಡಿ, ಈ ಕೈಯಿಂದ ನಿಮ್ಮ ಗ್ಲಾಸಿಗೆ! ನಮ್ಮಲ್ಲಿ ಮಣ್ಣು, ಬಿಸಿಲು, ಗಾಳಿ ಅಷ್ಟೆ. ಒಂದು ಹನಿ ವಿಷ ಇಲ್ಲ.”

ಮುತ್ತಿನ ಸರದ ಹೆಂಗಸೊಬ್ಬಳು ಅವಳ ಅಂಗೈಯನ್ನು ಒಂದು ಬೆರಳಿಂದ ಮುಟ್ಟಿದಳು. “ಅಯ್ಯೋ, ಮರದ ತೊಗಟೆ ಥರ ಇದೆ!” ಎಂದು ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು. ಫೋಟೋ ತೆಗೆದರು. ಕೆಂಪು ಮುಖದವನೊಬ್ಬ ತಾನು ಕುಡಿದುಳಿದ ಗ್ಲಾಸನ್ನು ಅವಳತ್ತ ತಳ್ಳಿದ. “ಕುಡಿಯಮ್ಮ, ನೀನೇ ಬೆಳೆದಿದ್ದಲ್ವಾ?” ಕುಡಿ ಎಂದು ಧಣಿಯ ಕಣ್ಣು ಹೇಳಿತು. ಒಂದು ಗುಟುಕು ಕುಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಧಣೀ,” ಅವಳು ತಗ್ಗಿದ ದನಿಯಲ್ಲಿ ಅಂದಳು, “ಔಷಧಿ ತಾಕಿ ನನ್ ತಂಗಿ ಸಾಯ್ತಾ ಇದಾಳೆ. ಗಾಡಿ ಕೊಡಿ.”

“ಇನ್ನೂ ನಾಲ್ಕು ತಟ್ಟೆ ಬಾಕಿ ಇದೆ. ಊಟ ಮುಗೀಲಿ.”

“ಅಷ್ಟೊತ್ತಿಗೆ ಉಸಿರಿರಲ್ಲ ಧಣಿ.”

“ಬಾಯ್ಮುಚ್ಚೇ ಬೋಳಿಮಗಳೇ.” ಅತಿಥಿಗಳಿಗೆ ಹಲ್ಲು ಕಾಣುವಂತೆ ನಗುತ್ತಲೇ ಅಂದ.

ಅವಳು ಮೇಜಿನ ನಡುವಿನ ಗೊಂಚಲೊಂದನ್ನು ಎತ್ತಿ ಅವನ ಮೂಗಿಗೆ ಹಿಡಿದಳು. ಈಗ ದನಿ ತಗ್ಗಿರಲಿಲ್ಲ. “ಇದು ಬೆಳಿಗ್ಗೆ ನನ್ ತಂಗಿ ಕೊಯ್ದಿದ್ದು. ವಿಷ ಇಲ್ಲ ಅಂದ್ರಲ್ಲ? ಒಂದ್ ಹಣ್ಣು ತಿನ್ನಿ, ನೋಡೋಣ.”

ಧಣಿಯ ಕೈ ಮುಂದೆ ಬರಲಿಲ್ಲ. ಮುತ್ತಿನ ಸರದವಳು ಬಾಯಿಯ ಹತ್ತಿರ ಒಯ್ದಿದ್ದ ಹಣ್ಣನ್ನು ಮೆಲ್ಲಗೆ ಕೆಳಗಿಟ್ಟಳು.

“ಪಾಪ, ತಲೆಗೇರಿದೆ,” ಧಣಿ ನಕ್ಕ. “ನೀವೇ ಕುಡಿಸಿದಿರಿ, ಅನುಭವಿಸಿ!” ಮೇಜೂ ನಕ್ಕಿತು. ಮೇಸ್ತ್ರಿ ಅವಳ ರಟ್ಟೆ ಹಿಡಿದು ಎಳೆದು, ಚಪ್ಪರದಾಚೆಗೆ ದಬ್ಬಿದ.

ಅವಳು ತಿರುಗಿಯೂ ನೋಡದೆ ಶೆಡ್ಡಿಗೆ ಓಡಿದಳು.

“ಏಳ್ರೇ! ಈ ಬಾಗಿಲು ಕೀಳಿ!”

ತುಕ್ಕು ಹಿಡಿದ ತಿರುಗಣಿ ಎರಡೇ ಏಟಿಗೆ ಬಂತು. ತಗಡಿನ ಬಾಗಿಲ ಮೇಲೆ ತಂಗಿಯನ್ನು ಮಲಗಿಸಿ ಹೆಂಗಸರು ಹೆಗಲು ಕೊಟ್ಟರು. ಚಪ್ಪರದ ಬಾಯಲ್ಲಿ ಮೇಸ್ತ್ರಿ ಕೈ ಅಗಲಿಸಿ ನಿಂತ. ಅವಳು ಸೊಂಟದ ಕತ್ತರಿ ತೆಗೆದಳು.

“ಅಡ್ಡ ಬಂದ್ರೆ ನಿನ್ ಬೀಜ ಕೊಯ್ತೀನಿ, ನಾಯಿ.”

ಅವನು ಸರಿದ. ಅವಳು ಮೊಣಕೈ ಚಾಚಿ ಮೇಜನ್ನು ಬಳಿದಳು. ಗ್ಲಾಸು, ತಟ್ಟೆ, ಉಗುಳಿನ ಬೆಳ್ಳಿ ಪಾತ್ರೆ, ಎಲ್ಲ ನೆಲ ಕಂಡವು. ಬಿಳಿ ಬಟ್ಟೆಯ ಮೇಲೆ ಬಾಗಿಲಿಳಿಸಿದರು. ಕುರ್ಚಿಗಳು ಕಿರುಗುಟ್ಟಿ ಹಿಂದೆ ಹೋದವು.

“ಏಯ್! ಏನ್ರೇ ಇದು, ನನ್ ಮಾನ...” ಧಣಿ ಕೂಗಿದ.

“ಗಾಡಿ ಬರೋವರೆಗೂ ಇಲ್ಲೇ ಮಲಗಿರ್ತಾಳೆ. ನೀವು ಊಟ ಮುಗಿಸಿ ಧಣಿ.”

ತಂಗಿಯ ಎದೆ ಒಮ್ಮೆ ಎತ್ತರಕ್ಕೆದ್ದು, ಬಹಳ ಹೊತ್ತಿನ ಮೇಲೆ ಇಳಿಯಿತು. ತುಟಿಯ ನೊರೆ ಬಿಳಿ ಬಟ್ಟೆಗೆ ಇಳಿಯುತ್ತಿತ್ತು. ಬಿಟ್ಟೆದ್ದ ಕುರ್ಚಿಗಳನ್ನು ಒಂದೊಂದಾಗಿ ಎಳೆದುಕೊಂಡು, ಮಣ್ಣುಗಾಲಿನ ಹೆಂಗಸರು ಮೇಜಿನ ಸುತ್ತ ಕೂತರು. ಅಡುಗೆಮನೆಯ ಕಡೆಯಿಂದ ನಾಲ್ಕನೇ ತಟ್ಟೆ ತಂದವನು ಅದನ್ನು ಯಾರ ಮುಂದೆ ಇಡಬೇಕೆಂದು ತಿಳಿಯದೆ ಧಣಿಯ ಮುಖ ನೋಡುತ್ತ ನಿಂತ.