ಸುಂದರಮ್ಮನವರು ಡಬ್ಬಿ ತಿರುಗಿಸಿದರು

ಗಾಂಧಿ ಬಜಾರಿನಲ್ಲಿ ಸುಂದರಮ್ಮನವರ ಚೀಲ ಕಂಡರೆ ಬೆಂಡೆಕಾಯಿಗಳು ತಾವಾಗಿಯೇ ಮೈ ನೆಟ್ಟಗೆ ಮಾಡಿಕೊಳ್ಳುತ್ತವೆ. ನಲವತ್ತು ವರ್ಷದಿಂದ ಒಂದೊಂದರ ತುದಿ ಮುರಿದು ನೋಡಿಯೇ ಕೊಳ್ಳುವವರು ಅವರು. ಬಲಿತ ಕಾಯಿಯೊಂದು ನಾಚಿಕೊಂಡು ಬುಟ್ಟಿಯಿಂದ ಇಳಿದು ಹೋದದ್ದನ್ನು ತರಕಾರಿ ಮುರುಗೇಶ ಕಣ್ಣಾರೆ ಕಂಡಿದ್ದಾನೆ.

ಅವರ ಯಜಮಾನರು ಬದರೀನಾರಾಯಣರಿಗೆ ಸಕ್ಕರೆ ಕಾಯಿಲೆ ಹೊಸ್ತಿಲ ತನಕ ಬಂದು ನಿಂತಿತ್ತು. "ಆರು ತಿಂಗ್ಳು ಪಥ್ಯ ಮಾಡಿ. ಇಳೀದಿದ್ರೆ ಮಾತ್ರೆ ಶುರು ಮಾಡೋಣ" ಎಂದಿದ್ದರು ಡಾಕ್ಟರು. ಇಳಿಸಿಯೇ ತೋರಿಸುತ್ತೇನೆಂದು ಸುಂದರಮ್ಮ ಪಣ ತೊಟ್ಟರು. ಕಾಫಿಗೆ ಸಕ್ಕರೆ ನಿಂತಿತು. ಮೈಸೂರುಪಾಕಿನ ಹೆಸರೆತ್ತುವುದೂ ನಿಂತಿತು. ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ.

"ಕದ್ದು ತಿಂತಿದೀರಾ?"

"ನೀನು ಕೊಟ್ಟಿದ್ದು ಬಿಟ್ಟು ಬೇರೇನೂ ತಿಂದಿಲ್ಲ ಕಣೇ."

ಆಗ ಪಕ್ಕದ ಮನೆಯ ಶ್ರೀವಿದ್ಯಾ ಬಂದಳು. ಆರೋಗ್ಯ ಕೇಂದ್ರದಲ್ಲಿ ನರ್ಸು. ಬದರೀನಾರಾಯಣರ ತಟ್ಟೆಯಲ್ಲಿ ಎರಡು ಚಪಾತಿ, ಮೇಲೆ ಗೋಡೆಗೆ ಗಾರೆ ಬಳಿದ ಹಾಗೆ ಬಾದಾಮಿ ಚಾಕೊಲೇಟ್ ಸ್ಪ್ರೆಡ್.

"ಆಂಟಿ, ಇದೇನಿದು?"

"ಬಾದಾಮಿ ಕಣೇ. ಕಾಫಿ ಸಪ್ಪೆ ಅಂತ ಮುಖ ಸಣ್ಣ ಮಾಡ್ಕೊಂಡಿದ್ರು, ಪಾಪ. ನೋಡು, ಡಬ್ಬಿ ಮೇಲೆ ಎಷ್ಟೊಂದು ಬಾದಾಮಿ!"

"ಅದು ಚಿತ್ರ. ಡಬ್ಬಿ ಹಿಂದೆ ಏನಿದೆ ಓದಿದ್ರಾ?"

"ಅಯ್ಯೋ, ಅಷ್ಟು ಸಣ್ಣ ಅಕ್ಷರ ಇರುವೆಗಳಿಗೆ ಅಂತ ಬರ್ದಿರೋದು."

"ಬೆಂಡೆಕಾಯಿನ ಮುರ್ದು ನೋಡ್ತೀರ. ಡಬ್ಬಿನ ಮಾತ್ರ ಹಂಗೇ ಚೀಲಕ್ಕೆ ಹಾಕ್ಕೋತೀರಲ್ಲ!"

ಈ ಮಾತು ನಾಟಿತು. ಪಂಚಾಂಗ ಓದುವ ಭೂತಗನ್ನಡಿ ಹೊರಗೆ ಬಂತು.

"ಯಾವ್ದು ಜಾಸ್ತಿ ಹಾಕಿದಾರೋ ಅದ್ರ ಹೆಸ್ರೇ ಮೊದ್ಲು ಬರುತ್ತೆ, ಆಂಟಿ."

"ಸಕ್ಕರೆ. ಆಮೇಲೆ ಎಣ್ಣೆ. ಬಾದಾಮಿ..." ಕನ್ನಡಿ ಕೆಳಕೆಳಗೆ ಇಳಿಯಿತು. "ಐದ್ನೇದು! ನೂರಕ್ಕೆ ಮೂರು ಪಾಲು!"

"ಗ್ಲೂಕೋಸ್ ಸಿರಪ್ ಅಂತ ಇದ್ಯಲ್ಲ, ಅದೂ ಸಕ್ಕರೆ ವಂಶದ್ದೇ. ಈಗ ಪಕ್ಕದ ಪಟ್ಟಿ ನೋಡಿ. ನೂರು ಗ್ರಾಮಿಗೆ ಒಟ್ಟು ಸಕ್ಕರೆ ಎಷ್ಟು?"

"ಐವತ್ತು."

"ಅಂಕಲ್ ತಟ್ಟೇಲಿ ನಲವತ್ತು ಗ್ರಾಮಾದ್ರೂ ಇದೆ. ಅಂದ್ರೆ ಇಪ್ಪತ್ತು ಗ್ರಾಂ ಸಕ್ಕರೆ. ಐದು ಟೀ ಚಮಚ."

ಸುಂದರಮ್ಮ ನಂಬಲಿಲ್ಲ. ಐದು ಚಮಚ ಸಕ್ಕರೆ ತಂದು ತಟ್ಟೆಯ ಪಕ್ಕ ಸುರಿದರು. ಬಜಾರಿನಾಚೆಯ ದೊಡ್ಡ ಬಂಡೆ ಬ್ಯೂಗಲ್ ರಾಕ್‌ಗೆ ಒಬ್ಬ ತಮ್ಮ ಹುಟ್ಟಿದ.

"ಕಾಫಿಗೆ ಅರ್ಧ ಚಮಚ ಕೇಳಿದ್ರೆ ಕಣ್ಣು ಕೆಂಪು ಮಾಡ್ತಿದ್ದೆ" ಎಂದರು ಬದರೀನಾರಾಯಣ, ಮೆಲ್ಲಗೆ.

ಸುಂದರಮ್ಮ ತಟ್ಟೆಯನ್ನೂ ಡಬ್ಬಿಯನ್ನೂ ಎತ್ತಿಕೊಂಡು ಅಡುಗೆಮನೆಗೆ ನಡೆದರು.

ಮರುದಿನ ಅವರು ಕಡಲೆಬೀಜ ಹುರಿದು, ಚಿಟಿಕೆ ಉಪ್ಪು ಹಾಕಿ, ಎಣ್ಣೆ ಬಿಡುವ ತನಕ ಮಿಕ್ಸಿಯಲ್ಲಿ ತಿರುಗಿಸಿದರು. ಚಪಾತಿಗೆ ತೆಳ್ಳಗೆ ಅದೇ. ಅಂಗಡಿಯಲ್ಲಂತೂ ಅವರು ಬೆನ್ನು ಓದದ ಡಬ್ಬಿ ಉಳಿಯಲಿಲ್ಲ. ಅಂಗಡಿಯವನು ಅವರಿಗೆಂದೇ ಒಂದು ಸ್ಟೂಲು ಹಾಕಿಸಿದ.

ಇನ್ನೂ ಮೂರು ತಿಂಗಳು ಕಳೆಯಿತು. ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ ಹುಬ್ಬೇರಿಸಿದರು. "ಚೆನ್ನಾಗಿ ಇಳಿದಿದೆ. ಸದ್ಯಕ್ಕೆ ಮಾತ್ರೆ ಬೇಡ. ಏನ್ಮಾಡಿದ್ರಿ?"

ಸುಂದರಮ್ಮ ಸೆರಗು ಸರಿಮಾಡಿಕೊಂಡರು. "ಡಬ್ಬಿ ತಿರುಗಿಸ್ದೆ, ಡಾಕ್ಟ್ರೇ."

ಅಕ್ಕಂದಿರೇ, ಅಣ್ಣಂದಿರೇ, ನಾವು ಬೆಂಡೆಕಾಯಿ ಮುರಿದು, ತೆಂಗಿನಕಾಯಿ ಅಲ್ಲಾಡಿಸಿ ಕೊಳ್ಳುವ ಜನ. ಜಾಮಿನ ಮುಂದೆ, ಸ್ಪ್ರೆಡ್ಡಿನ ಮುಂದೆ ಮಾತ್ರ ಯಾಕೆ ಸೋಲಬೇಕು? ತಿರುಗಿಸಿ. ಮೊದಲ ಹೆಸರು ಯಾವುದು, ನೂರು ಗ್ರಾಮಿಗೆ ಸಕ್ಕರೆ ಎಷ್ಟು, ನೋಡಿ. ಅಕ್ಷರ ಕಾಣದಿದ್ದರೆ ಅಂಗಡಿಯವರಿಂದಲೇ ಓದಿಸಿ. ಮಾತ್ರೆ ಬೇಕೋ ಬೇಡವೋ ಡಾಕ್ಟರು ಹೇಳಲಿ. ಡಬ್ಬಿ ಬೇಕೋ ಬೇಡವೋ ನೀವೇ ಹೇಳಿ. ನಿಮ್ಮ ಚೀಲ ಕಂಡರೆ ಸಾಕು, ಸಕ್ಕರೆ ತುಂಬಿದ ಡಬ್ಬಿಗಳು ನಾಚಿಕೊಂಡು ತಾವಾಗಿಯೇ ಶೆಲ್ಫಿನಿಂದ ಇಳಿದು ಹೋಗಬೇಕು.